ಕಿವಿ ಎಂಬ ಬೋರ್ಡು

ಅಪ್ಪನಿಗೆ ನಮಸ್ಕಾರ.

ಅಂಗಡಿಯ ಬೋರ್ಡು ಇಳಿಸುವುದಿಲ್ಲ, ಗಂಡನನ್ನೂ ಬಿಡುವುದಿಲ್ಲ. "ಭಾಷೆ ಬರದವನ ಜೊತೆ ಎಂಥ ಸಂಸಾರ?" ಅಂದಿರಿ. ನಮ್ಮ ಬೋರ್ಡಿನಲ್ಲಿರುವುದು ಎರಡು ಲಿಪಿಯಲ್ಲಿ ಬರೆದ ಒಂದೇ ಪದ, 'ಕಿವಿ'. ಕನ್ನಡದವರು ಅದನ್ನು ಓದಿ ಕಿವಿಯ ಮಷೀನು ರಿಪೇರಿಗೆ ನನ್ನ ಹತ್ತಿರ ಬರುತ್ತಾರೆ. ನನ್ನ ಗಂಡನ ದೇಶದ ಭಾಷೆಯಲ್ಲಿ ಕಿವಿ ಎಂದರೆ ಕಲ್ಲು. ಆ ಭಾಷೆಯವರು ಕಲ್ಲು ಕೆತ್ತಿಸಲು ಇವರ ಹತ್ತಿರ ಬರುತ್ತಾರೆ. ಕಿವಿ ಹಣ್ಣು ಕೇಳಿ ಬಂದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತೇವೆ. ಸಂಸಾರಕ್ಕೂ ಜಗಳಕ್ಕೂ ನಮಗೆ ಇಷ್ಟು ಭಾಷೆ ಸಾಕಾಗಿದೆ.

ನೀವು ಅಣ್ಣನ ಕೈಲಿ ಕಳಿಸಿದ್ದ ಮಷೀನು ರೆಡಿಯಾಗಿದೆ. ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ನೀವೇ ಬನ್ನಿ. ಅದನ್ನು ಹಾಕಿಕೊಂಡು "ಅವನನ್ನ ಬಿಟ್ಟು ಬಾ" ಅಂತ ಇನ್ನೊಂದು ಸಲ ಹೇಳಿ. ನನ್ನ "ಆಗಲ್ಲ" ಈ ಸಲವಾದರೂ ನಿಮಗೆ ಸರಿಯಾಗಿ ಕೇಳಲಿ.

ನಿಮ್ಮ ಮಾತು ಕೇಳದ
ಮಗಳು