ಕತ್ತರಿಸದೆ ಬಿಟ್ಟ ಹದಿನಾರು ಪುಟ

ಅಪ್ಪಾ,

ನೀನು ಹೋಗಿ ಆರು ವರ್ಷವಾದ ಮೇಲೂ ನಿನ್ನ ಮೇಲೆ ಸಿಟ್ಟು ಬರುತ್ತೆ ಅಂತ ಇವತ್ತು ಗೊತ್ತಾಯಿತು.

ನಿನ್ನ ಹಸಿರು ರಟ್ಟಿನ ಕಥೆಪುಸ್ತಕದ ಹೊಲಿಗೆ ಬಿಟ್ಟಿತ್ತು. ನನ್ನ ಹಳೇ ಪುಸ್ತಕಗಳನ್ನೆಲ್ಲ ರಿಪೇರಿ ಮಾಡುವ ಬೈಂಡರ್ ಹತ್ತಿರ ಕೊಂಡುಹೋದೆ. ಅವರು ಬೆನ್ನಿನ ಚಿನ್ನದ ಅಕ್ಷರ ಸವರಿದರು, ಹಾಳೆ ಮೂಸಿದರು, ಆಮೇಲೆ ನಕ್ಕರು.

"ಮೇಡಂ, ಇದನ್ನ ಯಾರೂ ಪೂರ್ತಿ ಓದೇ ಇಲ್ಲ."

ಕೊನೆಯ ಹದಿನಾರು ಪುಟಗಳು, ಅಚ್ಚಾಗಿ ಮಡಚಿದಾಗ ಹೇಗಿದ್ದವೋ ಹಾಗೇ, ಅಂಚು ಕತ್ತರಿಸದೆ ಕೂಡಿಕೊಂಡಿದ್ದವು. ಜೀವಮಾನವಿಡೀ ಪ್ರೆಸ್ಸಿನಲ್ಲಿ ಹಾಳೆ ಕತ್ತರಿಸಿದವನು ನೀನು.

ಅಮ್ಮ ಮನೆ ಬಿಟ್ಟು ಹೋದ ವರ್ಷ ದಿನಾ ಸಂಜೆ ನನ್ನೆದುರು ಕೂತು ನೀನು ಅದನ್ನೇ ಓದಿ ಹೇಳುತ್ತಿದ್ದೆ. ಮುಟ್ಟಲು ಹೋದರೆ, "ಹಳೇದು ಪುಟ್ಟಿ, ಹರಿಯುತ್ತೆ." ನೀನು ಓದಿದ ಕಥೆಯಲ್ಲಿ, ಮಗಳನ್ನು ಬಿಟ್ಟು ಹಡಗು ಹತ್ತಿ ಹೋದ ತಾಯಿ ಕೊನೇ ಪುಟದಲ್ಲಿ ಬಂದು ಬಾಗಿಲು ತಟ್ಟುತ್ತಿದ್ದಳು. ಅದನ್ನು ನಂಬಿ ನಾನು ಊಟಕ್ಕೆ ಮೂರು ತಟ್ಟೆ ಇಡುತ್ತಿದ್ದೆ. ಯಾರೂ ಉಣ್ಣದ ಮೂರನೆಯದನ್ನೂ ನೀನು ತೊಳೆದು ಒರೆಸಿಡುತ್ತಿದ್ದೆ. ಬಾಯಿಪಾಠವಾಗಿದ್ದ ಕಥೆ, ದೊಡ್ಡವಳಾದ ಮೇಲೂ ಪುಸ್ತಕ ತೆರೆದು ನೋಡಬೇಕು ಅಂತ ನನಗೂ ಅನ್ನಿಸಲಿಲ್ಲ.

ಬೈಂಡರ್ ಅಲ್ಲೇ ಪುಟ ಬಿಡಿಸಿಕೊಟ್ಟರು. ನಿಂತುಕೊಂಡೇ ಓದಿದೆ. ಕಥೆಯ ಆ ತಾಯಿ ವಾಪಸ್ ಬರುವುದೇ ಇಲ್ಲ ಅಪ್ಪಾ. ಬೇರೆ ಊರಲ್ಲಿ ಟೋಪಿ ಅಂಗಡಿ ಇಟ್ಟುಕೊಂಡು ಹಾಯಾಗಿರುತ್ತಾಳೆ. ಮಗಳ ನೆನಪಿಗೆ ಒಂದೇ ಒಂದು ಸಾಲು.

ಮನೆಗೆ ಬಂದು ಮೊದಲಿಂದ ಇನ್ನೊಮ್ಮೆ ಓದಿದೆ. ನೀನು ಕಟ್ಟಿದ ಕೊನೆಯೇ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರದಿದ್ದರೆ ಆ ಮೂರನೇ ತಟ್ಟೆಯನ್ನು ನಾನು ಯಾವತ್ತೋ ಎತ್ತಿಡುತ್ತಿದ್ದೆ.