ಬ್ಯಾಡ್ಜಿನ ಎರಡನೇ ಸಾಲು

ಅಕ್ಟೋಬರ್ 28, ಮಂಗಳವಾರ. ಬೆಳಿಗ್ಗೆ 11

ಮೂರು ವೆಬ್‌ಸೈಟಿಗೆ ಅಪ್‌ಡೇಟ್ ಹಾಕಿ ಆಯಿತು. ನಾಲ್ಕನೆಯದು, ಹಲ್ಲಿನ ಡಾಕ್ಟರದ್ದು, ಬಿದ್ದುಕೊಂಡಿದೆ. ನಮ್ಮ ಆಫೀಸಿನ ಅರ್ಪಿತ ಎಬ್ಬಿಸುತ್ತಿದ್ದಾಳೆ. ಕೆಳಗಿನ ಪಿಜಿ ಅಡುಗೆಮನೆಯಿಂದ ಒಗ್ಗರಣೆ ಘಾಟು. ಬಿಟಿಎಂನಲ್ಲಿ ಆಫೀಸು ಮಾಡಿದಾಗ ಈ ಕೆಮ್ಮೂ ಜೊತೆಗೇ ಬಂತು.

ಮನು ಫೋನ್ ಮಾಡಿದ್ದ. ಬ್ಲಾಗು ಬರೆಯುವವರು, ಸೈಟು ಕಟ್ಟುವವರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ. ಈ ಸಲ ಜೆಪಿ ನಗರದ ಕಲ್ಯಾಣ ಮಂಟಪದಲ್ಲಿ, ನವೆಂಬರ್ 16ಕ್ಕೆ. ಅವನೇ ಮುಖ್ಯ ಸಂಘಟಕ. ನಮ್ಮ ಮೂರು ಜನರ ಕಂಪನಿ ಪ್ರಾಯೋಜಕರ ಪಟ್ಟಿಯಲ್ಲಿ ಕಟ್ಟಕಡೆಗೆ. ಬ್ಯಾನರಿನಲ್ಲಿ ದೊಡ್ಡವರ ಲೋಗೋ ಬಾಗಿಲಷ್ಟು, ನಮ್ಮದು ಬೀಗದಷ್ಟು. ಇರಲಿ.

"ಅಕ್ಕಾ, ಸ್ಪಾನ್ಸರ್ ಆಗಿದೀರ. ಬಂದು ಆರಾಮಾಗಿ ಕೂತ್ಕೊಳಿ."

"ಕೂರೋಕೆ ಮನೇಲಿ ಕುರ್ಚಿ ಇಲ್ವೇನೋ? ಕೆಲಸ ಕೊಡು."

ರಿಜಿಸ್ಟ್ರೇಶನ್ ಡೆಸ್ಕು, ಬ್ಯಾಡ್ಜು ಎರಡೂ ನನಗೆ ಕೊಟ್ಟ. ಚಂದಾ ಕೊಟ್ಟವರೂ ಜಮಖಾನ ಹಾಸುವುದು ನಮ್ಮ ಜಾತಿ ವಿರೋಧಿ ಸಂಘದ ರಿವಾಜು. ಮೂವತ್ತು ವರ್ಷ ಹಾಸಿದ ಕೈ, ಸುಮ್ಮನೆ ಕೂರಲು ಬರುವುದಿಲ್ಲ.

ನವೆಂಬರ್ 4, ಮಂಗಳವಾರ

ನೋಂದಣಿ ಪಟ್ಟಿ ಬಂತು. ಮುನ್ನೂರ ಹನ್ನೆರಡು ಜನ.

ಫಾರ್ಮಿನಲ್ಲಿ ಎರಡು ಖಾನೆ. ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡಕ್ಕೂ ಕೆಂಪು ಚುಕ್ಕಿ. ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಎರಡನೇ ಕಾಲಂ ಮೇಲಿಂದ ಕೆಳಗೆ ಓದಿಕೊಂಡು ಹೋದೆ. ರಾವ್, ಭಟ್, ಶೆಟ್ಟಿ, ಗೌಡ, ರೆಡ್ಡಿ, ಅಯ್ಯರ್... ಸಮ್ಮೇಳನದ ಪಟ್ಟಿ ಅಲ್ಲ, ಊರಿನ ಕೇರಿ ನಕ್ಷೆ. ಕಂಪ್ಯೂಟರ್ ಬಂದರೆ ಜಾತಿ ಹೋಗುತ್ತದೆ ಅಂದಿದ್ದರಲ್ಲ, ಇಲ್ಲಿ ನೋಡಿ, ಕಡ್ಡಾಯ ಖಾನೆಯಾಗಿ ಕುಕ್ಕರುಗಾಲಲ್ಲಿ ಕೂತಿದೆ. ಕೆಲವರು ಬರೀ ಒಂದು ಫುಲ್‌ಸ್ಟಾಪ್ ಹಾಕಿ ಪಾರಾಗಿದ್ದಾರೆ. ಅವರು ನಮ್ಮವರು ಅಂದುಕೊಂಡೆ.

ಕಾಲಂ ಸೆಲೆಕ್ಟ್. ಡಿಲೀಟ್.

ಅಷ್ಟೆ. ಮೂವತ್ತು ವರ್ಷದ ಚಳವಳಿಯಲ್ಲಿ ಇಷ್ಟು ಸಲೀಸಾಗಿ ಏನನ್ನೂ ಅಳಿಸಿರಲಿಲ್ಲ. ಮನುಗೆ ಹೇಳಲಿಲ್ಲ. ಹೇಳಿದರೆ ಕಮಿಟಿ, ಕಮಿಟಿ ಅಂದರೆ ಚರ್ಚೆ, ಚರ್ಚೆ ಮುಗಿಯುವಷ್ಟರಲ್ಲಿ ಸಮ್ಮೇಳನವೇ ಮುಗಿದಿರುತ್ತದೆ. ಫೈಲು ಪ್ರೆಸ್ಸಿಗೆ ಹೋಯಿತು.

ನವೆಂಬರ್ 15, ಶನಿವಾರ. ಸಂಜೆ

ಮಂಟಪದಲ್ಲಿ ಚೀಲ ತುಂಬುವ ಕೆಲಸ. ಒಂದು ಟೀ ಶರ್ಟು, ಒಂದು ಪೆನ್ನು, ದೊಡ್ಡ ಪ್ರಾಯೋಜಕರ ಸ್ಟಿಕ್ಕರು. ಬ್ಯಾಡ್ಜಿನ ಪೆಟ್ಟಿಗೆ ತೆರೆದೆವು. ಚೆನ್ನಾಗಿ ಬಂದಿವೆ. ಮೇಲೆ ಹೆಸರು ದಪ್ಪಗೆ, ಕೆಳಗಿನ ಸಾಲು ಖಾಲಿ. ಬೆಳ್ಳಗೆ, ನೆಮ್ಮದಿಯಾಗಿ.

ಮನು ಒಂದನ್ನು ಎತ್ತಿ ನೋಡಿದ. "ಅಕ್ಕಾ, ಲಾಸ್ಟ್ ನೇಮ್ ಎಲ್ಲಿ?"

"ತೆಗೆದೆ."

"ಏಳು ಜನ ಪ್ರಮೋದ್ ಇದಾರೆ!"

"ಏಳು ಜನಾನೂ ಅದೇ ಬಿಸಿಬೇಳೆಬಾತ್ ತಿನ್ನೋದು ಬಿಡು."

ನಕ್ಕ. ಆಮೇಲೆ ನಗು ನಿಲ್ಲಿಸಿದ. "ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ನನ್ನ ಖಾನೇಲೂ ಫುಲ್‌ಸ್ಟಾಪೇ ಇತ್ತು ಅಕ್ಕಾ. ನೋಡಿಲ್ವಾ?"

ನೋಡಿರಲಿಲ್ಲ. ಕಾಲಂ ಅಳಿಸುವ ಅವಸರದಲ್ಲಿ ಅದರೊಳಗಿನ ಮನುಷ್ಯರನ್ನು ನೋಡಿರಲಿಲ್ಲ.

ನವೆಂಬರ್ 16, ಭಾನುವಾರ. ಮಧ್ಯಾಹ್ನ 2

ಊಟಕ್ಕೆ ಬಿಟ್ಟಿದ್ದಾರೆ. ಡೆಸ್ಕಿನ ಹಿಂದೆ ಕೂತು ಬರೆಯುತ್ತಿದ್ದೇನೆ.

ಎಂಟೂವರೆಗೇ ಸಾಲು. ಬಹಳ ಜನ ಬ್ಯಾಡ್ಜು ಕೊರಳಿಗೆ ಹಾಕಿಕೊಂಡು ಹೋದರು, ಗಮನಿಸಲೂ ಇಲ್ಲ. ನಾಲ್ಕೈದು ಜನ ಗೊಣಗಿದರು. ಅವರ ಗೊಣಗಾಟ ಕೇಳಿ, ನಿಜ ಹೇಳಬೇಕೆಂದರೆ, ಖುಷಿಯಾಯಿತು.

ಒಂಬತ್ತೂಕಾಲಿಗೆ ಒಬ್ಬ ಹುಡುಗಿ. ಇಪ್ಪತ್ತೈದು ಇರಬಹುದು. ಇವತ್ತಿನ ಭಾಷಣಕಾರರಲ್ಲಿ ಒಬ್ಬಳು, ಬಿಂದುಶ್ರೀ.

"ಮೇಡಂ, ನನ್ನ ಬ್ಯಾಡ್ಜ್ ಅರ್ಧ ಇದೆ."

"ಅರ್ಧ ಅಲ್ಲಮ್ಮ, ಪೂರ್ತಿ. ಜಾತಿ ಕಾಣಬಾರದು ಅಂತ ಎಲ್ಲರ ಲಾಸ್ಟ್ ನೇಮೂ ತೆಗೆದಿದ್ದೀನಿ." ಎದೆ ಎತ್ತಿಯೇ ಹೇಳಿದೆ.

"ಅದು ಜಾತಿ ಅಲ್ಲ ಮೇಡಂ. ನಮ್ಮಪ್ಪ."

ಜಗಳಕ್ಕೆ ಬಂದವಳ ದನಿಯಲ್ಲ. ಬ್ಯಾಡ್ಜನ್ನು ವಾಪಸು ಕೈಗೆ ತೆಗೆದುಕೊಂಡೆ.

ಅಪ್ಪ ದ್ಯಾಮಣ್ಣ. ಚಿತ್ರದುರ್ಗದ ಕಡೆಯಿಂದ ಬಂದು ಬನಶಂಕರಿಯಲ್ಲಿ ನೆಲೆ ನಿಂತವರು. ಬೋರ್ಡು ಬರೆಯುವ ಕೆಲಸ. ಜಯನಗರದ ಸೈಕಲ್ ಶಾಪು, ಹಿಟ್ಟಿನ ಗಿರಣಿ, ಸಲೂನು, ಟೈಲರು... ಫ್ಲೆಕ್ಸು ಬರುವ ತನಕ ಮೂವತ್ತು ವರ್ಷ ಊರಿನ ಹೆಸರನ್ನೆಲ್ಲ ಬರೆದರು. ಮೂಲೆಯಲ್ಲಿ ತಮ್ಮ ಹೆಸರು ಬರೆಯಲು ಒಬ್ಬ ಮಾಲೀಕನೂ ಬಿಡಲಿಲ್ಲ. ಉಳಿದ ಬೋರ್ಡುಗಳ ಫೋಟೋ ತೆಗೆದು ಮಗಳು ಸೈಟು ಮಾಡಿದ್ದಾಳೆ. ಹನ್ನೊಂದೂವರೆಗೆ ಅದರ ಬಗ್ಗೆಯೇ ಮಾತು. ಫಾರ್ಮಿನಲ್ಲಿ ಬೇಕೆಂದೇ "ಬಿಂದುಶ್ರೀ ದ್ಯಾಮಣ್ಣ" ಎಂದು ತುಂಬಿದ್ದಳು.

"ಅಪ್ಪ ಹತ್ತು ಗಂಟೆಗೆ ಬರ್ತಾರೆ. ನಿಮ್ಮ ಹೆಸರು ಪ್ರಿಂಟ್ ಆಗಿರುತ್ತೆ, ಬಂದು ನೋಡಿ ಅಂತ ಹೇಳಿಟ್ಟಿದ್ದೆ."

ಭಾನುವಾರ. ಪ್ರೆಸ್ಸು ಮುಚ್ಚಿದೆ. ನನ್ನ ಮುಂದೆ ಒಂದು ಕಪ್ಪು ಮಾರ್ಕರ್. ನಾನೇ ಬರೆಯಲು ಕೂತೆ. ನನ್ನದು ಮೆರವಣಿಗೆಯ ಪ್ಲೆಕಾರ್ಡಿನ ಕೈ. ನೂರಡಿ ದೂರದಿಂದ ಮಂತ್ರಿಗೆ ಕಾಣಬೇಕು, ಅಂಥ ಅಕ್ಷರ. "ದ್ಯಾಮ" ಬರೆಯುವಷ್ಟರಲ್ಲಿ ಬ್ಯಾಡ್ಜು ಮುಗಿಯಿತು. ಬಿಂದುಶ್ರೀ ನೋಡಿ ತುಟಿ ಕಚ್ಚಿಕೊಂಡಳು. ನಗು ತಡೆಯುತ್ತಿದ್ದಳೋ, ಅಳುವನ್ನೋ.

ಇನ್ನೊಂದು ಖಾಲಿ ಕಾರ್ಡು ಹುಡುಕುತ್ತಿದ್ದೆ. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಷರಟು, ಉಗುರ ಸಂದಿಯಲ್ಲಿ ಹಸಿರು ಬಣ್ಣ. ಅವರೇ.

ಎದ್ದು ನಿಂತೆ. "ಅಣ್ಣಾ, ತಪ್ಪಾಯ್ತು. ನಿಮ್ಮ ಹೆಸರು ತೆಗೆದವಳು ನಾನೇ."

ಬ್ಯಾಡ್ಜು ಎತ್ತಿ ಬೆಳಕಿಗೆ ಹಿಡಿದು ನನ್ನ ಅಕ್ಷರ ನೋಡಿದರು. "ತೆಗಿಯಾಕೆ ಮೊದ್ಲು ಎಲ್ಲಿತ್ತಮ್ಮ?" ಎಂದರು. ಕೋಪವಿಲ್ಲ. "ಮಾರ್ಕರ್ ಕೊಡಿ ಇಲ್ಲಿ. ಇಷ್ಟು ಸಿಟ್ಟಲ್ಲಿ ಹಿಡಿದ್ರೆ ಅಕ್ಷರ ಹೆದರ್ಕೊಳ್ಳುತ್ತೆ."

ಹೆಬ್ಬೆರಳಿನಲ್ಲಿ ಜಾಗ ಅಳೆದರು. ಹೊಸ ಕಾರ್ಡಿನ ಮೇಲೆ ಮಗಳ ಹೆಸರು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎರಡನೇ ಸಾಲಿನಲ್ಲಿ ತಮ್ಮದು. ಒತ್ತಕ್ಷರ ಒಂದು ಚೂರೂ ಇಕ್ಕಟ್ಟಾಗಲಿಲ್ಲ. ಮಗಳು ಕೊರಳಿಗೆ ಹಾಕಿಕೊಂಡಳು. ಅವರು ಕ್ಯಾಪು ಮುಚ್ಚಿ ಮಾರ್ಕರನ್ನು ವಾಪಸು ಕೊಡಲು ಬಂದರು. ಅಷ್ಟರಲ್ಲಿ ಹಿಂದಿದ್ದ ಒಬ್ಬ ಪ್ರಮೋದ್, "ಅಂಕಲ್, ನಂಗೂ ಬರೀರಿ."

ಸಾಲು ಶುರುವಾಯಿತು. ಅವರಿಗೆ ಕುರ್ಚಿ ಹಾಕಿದೆ.

ಬೆಳಿಗ್ಗೆ ಗೊಣಗಿದ್ದವರಲ್ಲಿ ಒಬ್ಬರು ಬಂದರು. "ನನ್ನ ಸರ್‌ನೇಮ್ ಹಾಕಿ." ನಾನು ಬಾಯಿ ತೆರೆಯುವ ಮೊದಲೇ ದ್ಯಾಮಣ್ಣ ಅಂದರು, "ಬರೀತೀನಿ ಸಾರ್. ನಿಮ್ಮಪ್ಪನ ಹೆಸರು ಹೇಳಿ."

"ಅದೇ, ಆ ಸರ್‌ನೇಮೇ."

"ಅದು ನಿಮ್ಮ ತಾತನ ತಾತಂದೂ ಹೌದಲ್ವಾ ಸಾರ್? ಅಪ್ಪಂದು ಕೇಳಿದ್ದು."

ಆತ ದನಿ ಇಳಿಸಿ, "ಶ್ರೀಪತಿ" ಎಂದರು. ಬರೆಸಿಕೊಂಡು ಅದನ್ನೇ ನೋಡುತ್ತ ಹೋದರು. ಮೂವತ್ತು ವರ್ಷ ನಾನು ಮೈಕು ಹಿಡಿದು ಅರಚಿದ್ದೇನೆ. ಒಬ್ಬನನ್ನೂ ಹೀಗೆ ಸುಮ್ಮನಾಗಿಸಿದ್ದು ನೆನಪಿಲ್ಲ.

ಅದೇ ದಿನ. ಸಂಜೆ 6

ಬಿಂದುಶ್ರೀಯ ಬೆಳಗಿನ ಮಾತಿಗೆ ಸಭಾಂಗಣ ತುಂಬಿತ್ತು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಪರದೆಯ ಮೇಲೆ ಸೈಕಲ್ ಶಾಪಿನ ಬೋರ್ಡು ಬಂದಾಗ ದ್ಯಾಮಣ್ಣ ಮೊದಲ ಸಾಲಿನಿಂದಲೇ, "ಅದ್ರಲ್ಲಿ ಹಳದಿ ಕಮ್ಮಿ ಆಯ್ತು ಆವತ್ತು" ಎಂದರು. ಎಲ್ಲರೂ ನಕ್ಕರು.

ಎಲ್ಲ ಮುಗಿದ ಮೇಲೆ ಕುರ್ಚಿ ಮಡಿಸುತ್ತಿದ್ದೆ. ಅಪ್ಪ ಮಗಳು ಹೊರಟಿದ್ದರು. ದ್ಯಾಮಣ್ಣ ನಿಂತು ನನ್ನ ಬ್ಯಾಡ್ಜು ನೋಡಿದರು. ಸಂಘಮಿತ್ರಾ. ಕೆಳಗೆ ಖಾಲಿ.

"ಎಲ್ಲರಿಗೂ ಬರೆಸಿದ್ರಿ. ನಿಮ್ಮಪ್ಪನ ಹೆಸರೇನಮ್ಮ?"

ಕುರ್ಚಿ ಕೈಯಲ್ಲೇ ಇತ್ತು.

ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಶಾಲೆಯಲ್ಲಿ ನಾನು ವೈ. ಸಂಘಮಿತ್ರಾ. ತೊಂಬತ್ತೆಂಟರಲ್ಲಿ ಮೊದಲ ಕೆಲಸದ ಅರ್ಜಿಯಲ್ಲಿ "ವೈ" ಬಿಟ್ಟೆ. ಇಂಟರ್ವ್ಯೂನಲ್ಲಿ ವೈ ಅಂದರೆ ಏನು ಎಂದು ಕೇಳಿಯಾರು, ಹೇಳಿದರೆ ಕೇರಿ ಗೊತ್ತಾದೀತು ಎಂಬ ಅಂಜಿಕೆ. ಆಮೇಲೆ ಅದಕ್ಕೆ ಸಿದ್ಧಾಂತ ಎಂದು ಹೆಸರಿಟ್ಟೆ. ವೇದಿಕೆ ಮೇಲೆ ಚಪ್ಪಾಳೆಯೂ ಬಿತ್ತು. ನನಗೆ ಸಂಘಮಿತ್ರಾ ಎಂದು ಹುಡುಕಿ ಹೆಸರಿಟ್ಟವರು ಅಪ್ಪ. ಬೇಗೂರಿನಲ್ಲಿ ಕಲ್ಲು ಒಡೆಯುತ್ತಲೇ ಅಕ್ಷರ ಕಲಿತವರು. ಬಿಟಿಎಂನಲ್ಲಿ ಆಫೀಸು ತೆರೆದ ದಿನ ಮೊದಲ ವಿಸಿಟಿಂಗ್ ಕಾರ್ಡು ಅವರ ಕೈಗೇ ಕೊಟ್ಟೆ. ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಚೆನ್ನಾಗೈತೆ ಕಣವ್ವ" ಎಂದು ಜೇಬಿಗಿಟ್ಟುಕೊಂಡರು. ಆರು ವರ್ಷ ಆಯಿತು ಹೋಗಿ. ಹಿಂಬದಿಯಲ್ಲಿ ಏನು ಹುಡುಕಿದರೆಂದು ಆವತ್ತೇ ಗೊತ್ತಿತ್ತು.

"ಯಲ್ಲಯ್ಯ" ಎಂದೆ.

"ಜೋರಾಗಿ ಹೇಳಮ್ಮ, ಕಿವಿ ಮಂದ."

ಖಾಲಿ ಮಂಟಪದಲ್ಲಿ ಜೋರಾಗಿ ಹೇಳಿದೆ. ಮನು ತಿರುಗಿ ನೋಡಿದ. ದ್ಯಾಮಣ್ಣ ಬಗ್ಗಿ, ಬ್ಯಾಡ್ಜು ನನ್ನ ಕೊರಳಲ್ಲಿರುವಾಗಲೇ ಬರೆದರು.

ನವೆಂಬರ್ 27, ಗುರುವಾರ. ಬೆಳಿಗ್ಗೆ 10

ಹನ್ನೊಂದು ದಿನ ಬರೆದಿರಲಿಲ್ಲ. ಮನುಗೆ ತಪ್ಪೊಪ್ಪಿಗೆ ಕಳಿಸಿದೆ. ಮುಂದಿನ ವರ್ಷದ ಫಾರ್ಮಿಗೆ ಒಂದೇ ಖಾನೆ, "ನಿಮ್ಮನ್ನು ಏನೆಂದು ಬರೆಯಬೇಕು?" ಎಂದು. ಈ ಸಲ ಕಮಿಟಿಯನ್ನು ಕೇಳಿಯೇ ಆಗಿದ್ದು. ಚರ್ಚೆ ಮೂರು ಗಂಟೆ. ಹೇಗೋ ಬದುಕಿಕೊಂಡೆ.

ಈಗ ತಾನೇ ಹೊಸ ವಿಸಿಟಿಂಗ್ ಕಾರ್ಡಿನ ಡಬ್ಬಿ ಬಂತು. ಅರ್ಪಿತ ಕತ್ತರಿಸಿ ತೆರೆದಳು. "ಮೇಡಂ, ನಿಮ್ಮ ಹೆಸರು ಉದ್ದ ಆಗಿದೆ!"

ಒಂದನ್ನು ತೆಗೆದುಕೊಂಡೆ. ಅಪ್ಪನ ಹಾಗೆ ಮೊದಲು ತಿರುಗಿಸಿ ನೋಡಿದೆ. ಹಿಂಬದಿ ಖಾಲಿ. ಮುಂದೆ, ಸಂಘಮಿತ್ರಾ ಯಲ್ಲಯ್ಯ.