ಆರು ತೂತಿನ ಬಿಲ್ಲೆ

ಉದ್ಯಾವರ
೯-೧೧-೧೯೬೭

ಪ್ರಿಯ ಕರುಣಾಕರ,

ನಾವೆಲ್ಲ ಸೌಖ್ಯ. ನನ್ನ ಕ್ಲಾರಾ ಹೋದ ಮೇಲೆ ಈ ಮನೆಯಲ್ಲಿ ಎಲ್ಲ ಎಂದರೆ ನಾನು ಮತ್ತು ಬೆಕ್ಕು. ನಿನ್ನ ಬಿಲ್ಲೆಯ ಪಾರ್ಸೆಲ್ ಬಂದು ಎರಡು ವಾರವಾಯಿತು, ತಡವಾದದ್ದಕ್ಕೆ ಬೈಯಬೇಡ. ಕೈ ನಡುಗುವವನ ಕಾಗದ, ಪುಟಕ್ಕೊಂದು ಸಂಜೆ ಬೇಕು. ‘ಐ ಯಾಮ್ ಮಚ್ ಒಬ್ಲೈಜ್ಡ್’ ಎಂದು ಶುರು ಮಾಡಿದ್ದೆ. ತಹಶೀಲ್ದಾರರಿಗೆ ಬರೆದ ಅರ್ಜಿಯ ಹಾಗೆ ಕಂಡಿತು, ಹರಿದು ಹಾಕಿದೆ.

ಬರ್ಮಿಂಗ್‌ಹ್ಯಾಮಿನಲ್ಲಿ ಚಳಿ ಹೇಗುಂಟು? ಇಲ್ಲಿ ಬೂತಾಯಿ ಮೀನು ರಾಶಿ ಬಿದ್ದಿದೆ, ಬೆಕ್ಕಿಗೂ ಸಾಕಾಗಿದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ನಡುಕ ಶುರುವಾದ ಮೇಲೆ ಶೇಖರ ಧನಿಗಳು ನನ್ನನ್ನು ಲೇತಿನಿಂದ ಬಿಡಿಸಿ ವರ್ಕ್‌ಶಾಪಿನ ಗೇಟಿನಲ್ಲಿ ಕೂರಿಸಿದ್ದು ನಿನಗೆ ಗೊತ್ತುಂಟು. ಆಗ ನೀನು ಬರೆದೆ: ಇಲ್ಲಿ ನಮ್ಮ ಫ್ಯಾಕ್ಟರಿಗೆ ಹೊಸ ಯಂತ್ರ ಬಂದಿದೆ, ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಅದಕ್ಕೆ ಅಪ್ಪಣೆ ಕೊಡುವುದು, ಕೈಯ ಕೆಲಸವೇ ಇಲ್ಲ, ನೀನೂ ಕಲಿ. ಜೊತೆಗೆ ಪುಸ್ತಕ. ಅರ್ಧ ಮರೆತ ಕಾಲೇಜು ಇಂಗ್ಲಿಷಿನಲ್ಲಿ ಅದನ್ನು ಗೇಟಿನಲ್ಲಿ ಕೂತು ಓದಿದೆ. ಈಗ ನನ್ನ ಲೇತಿನಲ್ಲಿ ನಿಲ್ಲುವ ಅಲೆಕ್ಸ್ ನಗುತ್ತಿದ್ದ: “ಸಿರಿಲ್ ಮಾಮ, ಯಂತ್ರ ನೋಡದೆ ಯಂತ್ರ ಕಲಿಯುವುದಾ? ಫೋಟೋ ನೋಡಿ ಮೀನು ಸಾರು ಉಂಡ ಹಾಗಾಯ್ತು!”

ನಮ್ಮ ಪಂಪಿನ ಬಿಲ್ಲೆಗೆ ಆರು ತೂತು ಕೊರೆಯಲು ನಾನು ಬರೆದು ಕಳುಹಿಸಿದ ಮೊದಲ ಅಪ್ಪಣೆ ನಿಮ್ಮ ಡ್ರಿಲ್ ಮುರಿಯಿತಲ್ಲ, ಆಗ ಅವನು ಹೇಳಿದ್ದೇ ಸರಿ ಎನಿಸಿತು. ಒಂದು ತೂತು ಆಯಿತು, ಎರಡನೆಯದಕ್ಕೆ ಹೋಗು ಎಂದಿದ್ದೆ. ನಡುವೆ ಡ್ರಿಲ್ಲನ್ನು ಮೇಲೆತ್ತು ಎಂದು ಬರೆದಿರಲೇ ಇಲ್ಲ. ಅದನ್ನೂ ಹೇಳಬೇಕಾ ಮಾರಾಯ? ಇಷ್ಟು ವರ್ಷ ನನ್ನ ಕೈ ತಾನಾಗಿ ಎತ್ತುತ್ತಿತ್ತು. ಫೋರ್‌ಮನ್ನನಿಂದ ಬೈಸಿಕೊಂಡವನು ನೀನು, ಆದರೂ “ಇನ್ನೊಮ್ಮೆ ಬರಿ, ನಿನ್ನ ಕೈ ಮಾಡುವುದನ್ನೆಲ್ಲ ಬರಿ” ಎಂದೆ. ಮತ್ತೆ ನಾನು ಕಣ್ಣು ಮುಚ್ಚಿ, ಗಾಳಿಯಲ್ಲಿ ಡ್ರಿಲ್ ಇಳಿಸುತ್ತಾ ಎತ್ತುತ್ತಾ ಒಂದೊಂದಾಗಿ ಬರೆದೆ. ದಾರಿಯಲ್ಲಿ ಹೋಗುವವರು ನನಗೆ ಹುಚ್ಚು ಎಂದುಕೊಂಡಿರಬೇಕು.

ಅದರಂತೆ ನೀನು ಯಂತ್ರದಲ್ಲಿ ಕೊರೆಸಿ ಕಳುಹಿಸಿದ ಅಲ್ಯೂಮಿನಿಯಂ ಬಿಲ್ಲೆಯನ್ನು ಎಲ್ಲರೆದುರು ಪಂಪಿನ ಬಾಯಿಗೆ ಇಟ್ಟೆವು. ಬೋಲ್ಟು ಹಾಕಿದ್ದು ಅಲೆಕ್ಸನೇ. ಆರೂ ತೂತಿಗೆ ಸುಮ್ಮನೆ ಇಳಿಯಿತು.

“ಇದು ಇಂಗ್ಲೆಂಡಿನವರು ಮಾಡಿದ್ದು. ನೀವು ಎಂತ ಮಾಡಿದ್ದು?” ಎಂದ.

“ಅವರು ಬರೀ ಸ್ವಿಚ್ ಒತ್ತಿದ್ದು ಮಾರಾಯ, ಬರೆದದ್ದು ಇವರು,” ಎಂದರು ಧನಿಗಳು. ಆಮೇಲೆ ನನ್ನ ಕಡೆ ತಿರುಗಿ, “ಅಂಥ ಯಂತ್ರ ತರಿಸಲು ನನ್ನಿಂದಾಗದು, ಸಿರಿಲ್. ಗೇಟಿಗೆ ಬೇರೆ ಜನ ನೋಡುವ. ಹೊಸ ಕೆಲಸ ಬಂದಾಗ ಮೊದಲು ಎಂತ, ಮತ್ತೆ ಎಂತ ಎಂದು ಹೀಗೆಯೇ ಬರೆದುಕೊಡಿ. ಅಲೆಕ್ಸ್ ಮಾಡಲಿ.”

“ಹಾಗಾದರೆ ನಾನು ಯಂತ್ರವಾ?” ಎಂದ ಅಲೆಕ್ಸ್.

“ಯಂತ್ರ ಇಷ್ಟು ಮಾತಾಡುವುದಿಲ್ಲ,” ಎಂದೆ ನಾನು. ಎಲ್ಲರೂ ನಕ್ಕರು, ಅವನೂ.

ಕರುಣಾಕರ, ನಾನು ಮತ್ತೆ ಒಳಗೆ ಹೋದೆ. ಎಣ್ಣೆ, ಬಿಸಿ ಕಬ್ಬಿಣದ ವಾಸನೆ, ಲೇತಿನ ಸದ್ದು. ನೀನು ಮಾಡಿದ ಉಪಕಾರಕ್ಕೆ ಇಂಗ್ಲಿಷಿನಲ್ಲೂ ಶಬ್ದ ಸಿಗಲಿಲ್ಲ, ಕನ್ನಡದಲ್ಲೂ ಇಲ್ಲ. ದೇವರು ನಿನ್ನನ್ನೂ ನಿನ್ನ ಹೆಂಡತಿ ಸರಸಳನ್ನೂ ಆ ಚಳಿಯಲ್ಲಿ ಬೆಚ್ಚಗೆ ಇಟ್ಟಿರಲಿ.

ನಿನ್ನ,
ಸಿರಿಲ್

ಮರೆತದ್ದು: ನಡುಕಕ್ಕೆ ಕಾರಣ ಎಂತ ಎಂದು ನೀನು ಕೇಳಿದ್ದೆ. ಮಣಿಪಾಲದ ಡಾಕ್ಟರು ರೋಗವಿಲ್ಲ ಎಂದರು. ಕ್ಲಾರಾ ಹಾಸಿಗೆ ಹಿಡಿದ ಆ ಮಳೆಗಾಲವಿಡೀ ಚಮಚದಲ್ಲಿ ಅವಳಿಗೆ ಗಂಜಿ ಕುಡಿಸಿದ್ದು ಇದೇ ಕೈ. ಒಂದು ಹನಿ ಚೆಲ್ಲಿದ್ದಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ನನಗೊಬ್ಬನಿಗೇ ಚಹಾ ಮಾಡಿಕೊಂಡೆ. ಲೋಟ ಹಿಡಿಯಲಾಗಲಿಲ್ಲ.